ಹಿನ್ನೀರು

ಬಾಗಿದರೆ ಕತ್ತಲು, ಅಂದಳು ಮಹಾನಂದಾ.
ಬಿದ್ದ ಕಂಡಿಕೆ ಎತ್ತಲು ಬಾಗಿದಾಗೆಲ್ಲ
ಐದಾರು ಎಣಿಸುವಷ್ಟು ಹೊತ್ತು
ಮಗ್ಗವಿಲ್ಲ, ಗೋಡೆಯಿಲ್ಲ, ತನ್ನ ಕೈಯೂ ಇಲ್ಲ.
ಆಮೇಲೆ ಒಂದೊಂದಾಗಿ ವಾಪಸು ಬರುತ್ತವೆ,
ಜಗಳವಾಡಿ ಹೊರಗೆ ಹೋದ ಮಂದಿಯಂತೆ.

ಬನಹಟ್ಟಿಯಲ್ಲಿ ಎರಡು ಸಲ ಚಸ್ಮಾ ಬದಲಿಸಿದರು.
ತಲೆಶೂಲೆಗೆ ಉಪ್ಪು ಮೆಣಸಿನಕಾಯಿ ಇಳಿಸಿದರು.
ಕೊನೆಗೆ ಬಾಗಲಕೋಟೆಯ ಕಣ್ಣಿನ ಡಾಕ್ಟರಮ್ಮ
ಕಣ್ಣೊಳಗೆ ಬೆಳಕು ಹಿಡಿದು, ಬಹಳ ಹೊತ್ತು ಮಾತಾಡದೆ,
ಚೀಟಿ ಬರೆದರು: ಎರಡೂ ನರದ ಬುಡ ಬಾತಿದೆ.
ತಲೆ ನೋಡಿ. ಕಣ್ಣಿನ ಗೂಡು ನೋಡಿ. ಸಿರೆಗಳನ್ನೂ. ಇವತ್ತೇ.
ಕೊನೆಯ ಪದದ ಕೆಳಗೆ ಎರಡು ಗೆರೆ.

ನಾನು ನವನಗರದ ಎಂಆರ್‌ಐ ಕೋಣೆಯ ಗೌಸ್ ಬಾಗವಾನ.
ವರದಿ ಬರೆಯುವವನಲ್ಲ, ಮಲಗಿಸುವವನು.
ಪಿನ್ನು ತೆಗೀರಿ, ಬಳಿ ತೆಗೀರಿ, ಕಾಲುಂಗುರ ತೆಗೀರಿ ಅನ್ನುವವನು.
ತಾಳಿಗೆ ಬಂದಾಗ ಆಕೆಯ ಕೈ ನಿಂತಿತು.
ಅತ್ತೆ ಚೀಲದಿಂದ ಅರಿಷಿಣದ ಕೊಂಬು ತೆಗೆದು
ನೂಲಿಗೆ ಕಟ್ಟಿ ಕೊರಳಿಗೆ ಹಾಕಿದರು.
“ನೂಲಿಗೆ ನಿನ್ನ ಮಿಷಿನ್ ಏನೂ ಅನ್ನಂಗಿಲ್ಲಲ್ಲ?”

ಕಿವಿಗೆ ಹತ್ತಿ ಇಡಲು ಹೋದೆ.
“ಹೊರಗಿನ ಸಪ್ಪಳಕ್ಕ ಇಟ್ಟಿ. ಒಳಗಿಂದಕ್ಕ?”
ನಾಲ್ಕು ತಿಂಗಳಿಂದ ಅವಳ ಕಿವಿಯೊಳಗೊಂದು ಮಗ್ಗ
ಎದೆಬಡಿತಕ್ಕೆ ಸರಿಯಾಗಿ ಲಾಳಿ ಹೊಡೆಯುತ್ತದಂತೆ,
ಕರೆಂಟು ಹೋದರೂ ನಿಲ್ಲದ ಮಗ್ಗ.

ಗಾಜಿನ ಈಚೆ ನಾನು. ಕಪ್ಪು ಬಿಳುಪಿನ ಹೋಳುಗಳು.
ಮೊದಲು ಗಡ್ಡೆ ಹುಡುಕುವುದು ಈ ಕೋಣೆಯ ಚಟ.
ಗಡ್ಡೆ ಇಲ್ಲ. ಮಿದುಳು ತನ್ನ ಪಾಡಿಗೆ ಚೆಂದ ಕೂತಿದೆ.
ಆದರೆ ದುಂಡಗಿರಬೇಕಾದ ಕಣ್ಣಗುಡ್ಡೆ
ಹಿಂದುಗಡೆ ಚಪ್ಪಟೆ, ಹೆಬ್ಬೆರಳು ಒತ್ತಿದ ಪೇಡೆಯಂತೆ.
ನರ ನೆಟ್ಟಗಿಲ್ಲ, ಬಳುಕಿದೆ; ಅದರ ಎರಡೂ ದಂಡೆಗೆ
ಇರಬಾರದಷ್ಟು ಅಗಲದ ಬಿಳಿ: ನೀರು.
ಎಲುಬಿನ ಪುಟ್ಟ ತಡಿಯ ಮೇಲಿನ ಗ್ರಂಥಿ
ತಳಕ್ಕಂಟಿದೆ, ನೀರೇ ಸವಾರಿ ಕೂತಿದೆ.

ಈ ಬಿಳಿ ನನಗೆ ಗೊತ್ತು.
ಹಳೇ ಊರಿನಲ್ಲಿ ನಮ್ಮ ಬಾಗಿಲಿಗೆ
ಕೆಂಪು ಬಣ್ಣದ ನಂಬರು ಬರೆದು ಹೋಗಿದ್ದರು.
ಆಲಮಟ್ಟಿ ಎಲ್ಲಿ, ನಾವೆಲ್ಲಿ, ಅಂದಿದ್ದ ಅಜ್ಜ.
ನೀರು ಬಂದದ್ದು ತೆರೆ ಎಬ್ಬಿಸಿಕೊಂಡು ಅಲ್ಲ.
ಹೋಗಬೇಕಾದಲ್ಲಿ ಹೋಗಲಾರದೆ, ಹಿಂದಕ್ಕೆ,
ಬಚ್ಚಲಿನಿಂದ, ಹಿತ್ತಲ ಓಣಿಯಿಂದ,
ಮುಂಬಾಗಿಲು ಕಾಯುತ್ತ ಕೂತವರ ಬೆನ್ನ ಹಿಂದಿನಿಂದ.

ಸಿರೆಗಳ ಚಿತ್ರ ಬಂತು. ಬಲಗಡೆಯ ದೊಡ್ಡ ಕಾಲುವೆ
ಒಂದೆಡೆ ನೂಲಿನಷ್ಟು.
ಕಾಲುವೆ ಹಿಚುಕಿದ್ದಕ್ಕೆ ನೀರು ಏರಿತೋ
ನೀರು ಏರಿದ್ದಕ್ಕೆ ಕಾಲುವೆ ಹಿಚುಕಿತೋ
ಡಾಕ್ಟರುಗಳೇ ಜಗಳಾಡುತ್ತಾರೆ. ನಾನು ಫೋನು ಎತ್ತಿಕೊಂಡೆ:
“ಸರ್, ನಾಳಿ ಮುಂಜಾನಿ ಅಲ್ಲ. ಈಗ ನೋಡ್ರಿ.”

ಹೊರಬಂದವಳು ಮೊದಲು ಹೇಳಿದ್ದು ಇಷ್ಟು:
“ಅಣ್ಣಾ, ಮೂರನೇ ಸಪ್ಪಳದಾಗ ಲಾಳಿ ತಪ್ಪತೈತಿ ನಿಮ್ಮ ಮಿಷಿನ್.
ಟಕ್ಕ ಟಕ್ಕ ಟಕ್ಕ, ಒಂದು ಬಿಟ್ಟು, ಟಕ್ಕ.
ನಮ್ಮ ಮಾಲಕ ಆಗಿದ್ರ ಪಗಾರ ಹಿಡೀತಿದ್ದ.”
ಆಮೇಲೆ ಮೆಲ್ಲಗೆ: “ಏನರ ಐತೇನು?”

ಹೇಳಬಾರದು. ಹೇಳಿಬಿಟ್ಟೆ: “ಗಡ್ಡಿ ಇಲ್ಲವ್ವ.”
ಆ ರಾತ್ರಿ ಇಡೀ ಹೆದರಿ ಎದ್ದು ಕೂತಿದ್ದೆ.

ಮರುದಿನ ಬೆನ್ನಿಗೆ ಸೂಜಿ. ನಳಿಕೆಯಲ್ಲಿ ನೀರು
ಇಪ್ಪತ್ತೈದು ದಾಟಬಾರದ್ದು ಮೂವತ್ತೆಂಟಕ್ಕೆ ನಿಂತಿತಂತೆ.
ಗುಳಿಗೆ ಕೊಟ್ಟರು, ತೂಕ ಇಳಿಸು ಅಂದರು.
ಮೂರು ತಿಂಗಳಿಗೆ ಮತ್ತೆ ಬಂದಳು:
“ಹೋಳಿಗಿ ಬಂದ್ ಮಾಡ್ಯಾರ. ಬೆರಳ ಜುಮುಜುಮು ಅಂತಾವ.
ಕಿವ್ಯಾಗಿನ ಮಗ್ಗ ನಿಂತೈತಿ.”
ಮೂಗಿನ ಕಡೆಯ ನೋಟದ ಒಂದು ದಡಿ ಮಾತ್ರ
ನೀರಿಗೆ ಹೋದದ್ದು ಹೋಯಿತು.

ಈಗ ಚಪ್ಪಲಿ ಹಾಕಲು ಬಾಗಿದಾಗಲೆಲ್ಲ
ನಾನೂ ಎಣಿಸುತ್ತೇನೆ.